ಬೋರ್ಡಕ್ಕನ ಭುಜ, ಬುಧವಾರದ ಗುಳಿಗೆ

ಊರಿನಲ್ಲಿ ಯಾರೇ ಹೊಸ ಅಂಗಡಿ ಇಡಲಿ, ಅದರ ಬಾಗಿಲು ತೆರೆಯುವ ಮೊದಲು ಬೋರ್ಡಕ್ಕನ ಮನೆ ಬಾಗಿಲು ತಟ್ಟುತ್ತಿದ್ದರು. ನಲವತ್ತು ವರ್ಷದಿಂದ ಅವಳದು ಒಂದೇ ಕಸುಬು. ಬೋರ್ಡು ಬರೆಯುವುದು, ಗೋಡೆ ಬರೆಯುವುದು. ಅಪ್ಪನೂ ಅದೇ ಕೆಲಸದವರು. ಅಣ್ಣಂದಿರಿಬ್ಬರೂ ಟರ್ಪೆಂಟೈನ್ ವಾಸನೆಗೆ ಮೂಗು ಮುಚ್ಚಿಕೊಂಡು ಬೇರೆ ದಾರಿ ಹಿಡಿದರು. ಇವಳು ಮಾತ್ರ ಬಟ್ಟೆ ತುಂಬ ಬಣ್ಣ ಮಾಡಿಕೊಂಡು ಅಪ್ಪನ ಏಣಿ ಹಿಡಿದು ನಿಂತಳು. ಹದಿನೇಳಕ್ಕೆ ತಾನೇ ಏಣಿ ಹತ್ತಿದಳು. "ಆಮೇಲೆ ಇಳಿದದ್ದು ಎರಡೇ ಸಲ. ಮದುವೆಗೊಂದು, ಕಾಮಾಲೆಗೊಂದು" ಎಂದು ಅವಳೇ ಹೇಳಿ ನಗುತ್ತಿದ್ದಳು.

ಪ್ಲಾಸ್ಟಿಕ್ ಬ್ಯಾನರು ಬಂದಾಗ ಊರಿನ ಉಳಿದ ಬೋರ್ಡಿನವರು ಒಬ್ಬೊಬ್ಬರಾಗಿ ಕುಂಚ ಮೂಲೆಗೆ ಹಾಕಿದರು. ಬೋರ್ಡಕ್ಕ ಜಗ್ಗಲಿಲ್ಲ. "ಅದು ಎರಡು ಬೇಸಿಗೆಗೆ ಬಿಳಿಚ್ಕೊಂಡು ಹೆಣದ ಮುಖ ಆಗುತ್ತೆ. ನನ್ನ ಕೆಂಪು ಹತ್ತು ವರ್ಷ ಕೆಂಪಾಗೇ ಇರುತ್ತೆ" ಎನ್ನುತ್ತಿದ್ದಳು. ಮಾತು ಸುಳ್ಳೂ ಆಗಿರಲಿಲ್ಲ. ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯ ಬೋರ್ಡು ಹನ್ನೊಂದು ವರ್ಷದ್ದು. ಅದರ ಕೆಂಪು ಇನ್ನೂ ಕಣ್ಣಿಗೆ ಹೊಡೆಯುತ್ತಿತ್ತು.

ಅವಳು ಅಳತೆಪಟ್ಟಿ ಹಿಡಿಯುತ್ತಿದ್ದದ್ದು ಕಡಿಮೆ. ಒಂದೂವರೆ ಅಡಿ ಎತ್ತರದ ಒಂದು ಮರದ ಸ್ಟೂಲಿತ್ತು, ಮೇಲೆಲ್ಲ ಬಣ್ಣದ ಹೆಪ್ಪು. ಗೋಡೆ ಬರೆಯುವಾಗ ಅದರ ಮೇಲೆ ನಿಂತು, ಕುಂಚ ಹಿಡಿದ ಬಲಗೈಯನ್ನು ಪೂರ್ತಿ ಮೇಲಕ್ಕೆ ಚಾಚುವಳು. ಕುಂಚದ ತುದಿ ಎಲ್ಲಿ ತಾಗಿತೋ ಅಲ್ಲೇ ಮೊದಲ ಸಾಲಿನ ನೆತ್ತಿ. ಸೀಮೆಸುಣ್ಣ ಹಚ್ಚಿದ ದಾರವನ್ನು ಅಲ್ಲಿಂದ ಎಳೆದು, ಬೆರಳಲ್ಲಿ ಮೀಟಿ, ಗೆರೆ ಹೊಡೆದರೆ ಮುಗಿಯಿತು. ಯಾವ ಗೋಡೆಗಾದರೂ ಹೋಗಿ ಅಳೆಯಿರಿ, ನೆಲದಿಂದ ಸರಿಯಾಗಿ ಎಂಟು ಅಡಿ.

ಐವತ್ತೇಳನೆಯ ವಯಸ್ಸಿನಲ್ಲಿ ಅವಳಿಗೆ ಹೊಟ್ಟೆನೋವು ಶುರುವಾಯಿತು. ನಾಲ್ಕು ತಿಂಗಳು "ಗ್ಯಾಸು" ಎಂದು ತಳ್ಳಿಹಾಕಿದಳು. ಅವಳ ಯಜಮಾನರು ಗಡಿಯಾರ ರಿಪೇರಿ ಮಾಡುವವರು, ಮಿತಭಾಷಿ. ಮನೆಯ ಮುಂದಿನ ಕೋಣೆಯಲ್ಲೇ ಅವರ ಮೇಜು. ಒಂದು ದಿನ ಅವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದಿಟ್ಟು, ಅಂಗಡಿಗೆ ಬೀಗ ಹಾಕಿ, ಹೆಂಡತಿಯನ್ನು ಹೆಚ್ಚುಕಡಿಮೆ ದಬ್ಬಿಕೊಂಡೇ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್ ಆಯಿತು, ಗಡ್ಡೆ ತೆಗೆದರು. ಆದರೆ ಎಲ್ಲವೂ ಬಂತೆಂದು ಎದೆ ತಟ್ಟಿ ಹೇಳುವಂತಿರಲಿಲ್ಲ.

ಅವಳನ್ನು ನೋಡುತ್ತಿದ್ದ ಡಾಕ್ಟರಮ್ಮ ಒಂದು ಮಾತು ಮುಂದಿಟ್ಟರು. ಹೊಸ ಗುಳಿಗೆಯೊಂದರ ಪ್ರಯೋಗ ನಡೆಯುತ್ತಿದೆ, ಇಷ್ಟವಿದ್ದರೆ ಸೇರಬಹುದು. ಅರ್ಧ ಜನಕ್ಕೆ ನಿಜವಾದ ಗುಳಿಗೆ, ಅರ್ಧ ಜನಕ್ಕೆ ಅದೇ ಬಣ್ಣದ, ಅದೇ ಗಾತ್ರದ, ಔಷಧಿಯಿಲ್ಲದ ಗುಳಿಗೆ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಿರುವುದಿಲ್ಲ.

"ಅದು ಒಳಗೆ ಹೋಗಿ ಏನ್ಮಾಡುತ್ತೆ?" ಎಂದಳು ಬೋರ್ಡಕ್ಕ. ಏನೂ ಕೇಳದೆ ಸಹಿ ಹಾಕುವ ಪೈಕಿಯಲ್ಲ ಅವಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಮ್ಮ ಮೈಯಲ್ಲಿ ಕಿಣ್ವ ಅಂತ ಇರುತ್ವೆ. ಅದರಲ್ಲಿ ಒಂದು ಜಾತಿ ಪ್ರೋಟೀನನ್ನ ಕತ್ತರಿಸುತ್ತೆ, ಕತ್ತರಿ ಥರ. ಆ ಕತ್ತರಿ ಬಾಯಲ್ಲಿ ಒಂದು ಕಣ ಸತು ಇರುತ್ತೆ. ಅದಿಲ್ದೆ ಕತ್ತರಿ ಕೆಲಸ ಮಾಡಲ್ಲ."

"ಸತು ಅಂದ್ರೆ ಬಕೆಟ್ಟಿಗೆ ತುಕ್ಕು ಹಿಡೀದಿರ್ಲಿ ಅಂತ ಹಾಕ್ತಾರಲ್ಲ, ಅದೇನಾ?"

"ಅದೇ. ಗಡ್ಡೆಯ ಒಂದು ಚೂರು ಎಲ್ಲಾದ್ರೂ ಉಳ್ಕೊಂಡಿದ್ರೆ, ಈ ಕತ್ತರಿ ಹಿಡ್ಕೊಂಡೇ ಅಕ್ಕಪಕ್ಕದ ಗೋಡೆ ಕೊರೆದು ಬೇರೆ ಕಡೆ ಹೋಗುತ್ತೆ. ಗುಳಿಗೆ ಹೋಗಿ ಆ ಸತುವಿನ ಮೇಲೆ ಕೂತುಬಿಡುತ್ತೆ. ಕತ್ತರಿ ಬಾಯಿ ಕಚ್ಕೊಂಡುಬಿಡುತ್ತೆ."

ಬೋರ್ಡಕ್ಕ ಕುರ್ಚಿ ಮುಂದಕ್ಕೆಳೆದುಕೊಂಡಳು. "ಆ ಕತ್ತರಿ ಬರೀ ಕಳ್ಳರ ಕೈಲಿರೋದಾ, ಇಲ್ಲಾ ಮನೆಯೋರ ಹತ್ರಾನೂ ಇದ್ಯಾ?"

ಡಾಕ್ಟರಮ್ಮ ಅವಳ ಮುಖವನ್ನು ಹೊಸದಾಗಿ ನೋಡುವಂತೆ ನೋಡಿದರು. "ಮನೆಯೋರ ಹತ್ರಾನೂ ಇದೆ. ಅದಕ್ಕೇ ಇದನ್ನ ಪ್ರಯೋಗ ಅನ್ನೋದು."

"ಹಾಗಾದ್ರೆ ಸರಿ" ಎಂದು ಬೋರ್ಡಕ್ಕ ಸಹಿ ಹಾಕಿದಳು. ಅವಳ ಸಹಿಯೂ ಬೋರ್ಡಿನ ಅಕ್ಷರದಷ್ಟೇ ದಪ್ಪ. ಗೆರೆಯಿಂದ ಆಚೆ ಹೋಯಿತು.

ಪ್ರತಿ ಎರಡನೇ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯ ಹಿಂಬದಿಯ ಹಸಿರು ಗೋಡೆಯ ಹಜಾರದಲ್ಲಿ ಕೂರಬೇಕು. ರಕ್ತ ಕೊಡಬೇಕು, ತೂಕ ನೋಡಿಸಬೇಕು, ಸಿಸ್ಟರ್ ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಗುಳಿಗೆಯ ಡಬ್ಬಿ ಇಸಿದುಕೊಳ್ಳಬೇಕು. ಒಟ್ಟು ಹನ್ನೆರಡು ಜನ. ಬೋರ್ಡಕ್ಕನ ಪಕ್ಕದ ಕುರ್ಚಿ ಒಬ್ಬ ನಿವೃತ್ತ ಡ್ರೈವರನದು. ಅವನನ್ನು ಎಲ್ಲರೂ ಬಸ್ಸಿನಣ್ಣ ಎನ್ನುತ್ತಿದ್ದರು. ಮೂವತ್ತು ವರ್ಷ ಬಸ್ಸು ಓಡಿಸಿದವನು ಕುರ್ಚಿಯಲ್ಲಿ ಕೂತಾಗಲೂ ಬಲಗಾಲು ಬ್ರೇಕಿನ ಮೇಲಿಟ್ಟಂತೆ ಇಟ್ಟುಕೊಳ್ಳುತ್ತಿದ್ದ.

ಗುಳಿಗೆ ಶುರುವಾದ ವಾರವೇ ಕೊಡೆ ಕಂಪನಿಯೊಂದರ ಕೆಲಸವೂ ಬಂತು. ಊರಿನ ಹನ್ನೆರಡು ಗೋಡೆಗಳ ಮೇಲೆ ಒಂದೇ ಜಾಹೀರಾತು, ವಾರಕ್ಕೊಂದು ಗೋಡೆ. ಆಪರೇಷನ್ ಆಗಿ ಮೂರು ತಿಂಗಳೂ ಸರಿಯಾಗಿ ಆಗಿರಲಿಲ್ಲ. ಯಜಮಾನರು ಬೇಡವೆಂದರು. "ಹೊಟ್ಟೆ ಕೊಯ್ದಿರೋದು, ಕೈಯನ್ನಲ್ಲ" ಎಂದು ಬೋರ್ಡಕ್ಕ ಸ್ಟೂಲೆತ್ತಿಕೊಂಡು ಹೊರಟಳು.

ಮೊದಲ ಐದು ಗೋಡೆ ಹೂವೆತ್ತಿದಂತೆ ಮುಗಿದವು. ಆರನೆಯ ಗೋಡೆಗೆ ಬಲಭುಜದಲ್ಲಿ ಏನೋ ಹಿಡಿದಂತಾಯಿತು. ಏಳನೆಯದಕ್ಕೆ ಬೆಳಿಗ್ಗೆ ಎದ್ದಾಗ ಬೆರಳು ಮಡಚಲು ಕಾಲು ಗಂಟೆ ಬೇಕಾಯಿತು. ಎಂಟಕ್ಕೆ ಎಡಭುಜವೂ ಜೊತೆಗೂಡಿತು. ಒಂಬತ್ತನೆಯ ವಾರ ತಲೆ ಬಾಚಲು ಕೈ ಎತ್ತಿದವಳು ಅರ್ಧದಲ್ಲೇ "ಅಮ್ಮಾ" ಎಂದು ನಿಂತುಬಿಟ್ಟಳು. ಅಂದಿನಿಂದ ತಲೆ ಬಾಚುವ ಕೆಲಸ ಯಜಮಾನರಿಗೆ ಬಂತು. ಅವರು ಗಡಿಯಾರದ ಸ್ಪ್ರಿಂಗು ಬಿಡಿಸುವ ಹಾಗೆ ಒಂದೊಂದೇ ಎಳೆ ಸಿಕ್ಕು ಬಿಡಿಸುತ್ತಿದ್ದರು.

"ಏನ್ರೀ, ಹೀಗೆ ಬಾಚಿದ್ರೆ ನಾನು ಮಧ್ಯಾಹ್ನಕ್ಕೆ ಹೊರಡ್ತೀನಿ."

"ಸುಮ್ನಿರು. ಅವಸರ ಮಾಡಿದ್ರೆ ಮುಳ್ಳು ಮುರಿಯುತ್ತೆ."

ಬುಧವಾರ ಸಿಸ್ಟರಿಗೆ ಹೇಳಿದಳು. ಸಿಸ್ಟರ್ ಒಳ್ಳೆಯವಳೇ, ಆದರೆ ಅವಳ ಕಣ್ಣು ಫಾರಂ ಮೇಲೆ. "ನಿಮ್ಮ ವಯಸ್ಸಿಗೆ ಭುಜ ಹಿಡಿಯೋದು ಮಾಮೂಲು ಅಕ್ಕ. ಅದೂ ದಿನಾ ಕೈ ಮೇಲೆತ್ತೋ ಕೆಲಸ. ಬಿಸಿನೀರಿನ ಶಾಖ ಕೊಡಿ" ಎಂದು ಬರೆದುಕೊಂಡಳು. ಬರೆದದ್ದನ್ನು ಬೋರ್ಡಕ್ಕ ತಲೆಕೆಳಗಾಗಿಯೇ ಓದಿದಳು. ಅಕ್ಷರ ಯಾವ ಕಡೆಯಿಂದ ಇದ್ದರೂ ಅವಳಿಗೆ ಒಂದೇ. "ವಯೋಸಹಜ ನೋವು."

ಹತ್ತನೆಯ ಗೋಡೆ ಮುಗಿದ ಮರುದಿನ ಕೊಡೆ ಕಂಪನಿಯವನು ಮನೆಗೇ ಬಂದ. ತಲೆ ಕೆರೆದುಕೊಂಡು, ಮಾತು ನುಂಗಿಕೊಂಡು, ಕೊನೆಗೆ ಹೇಳಿದ. "ಅಕ್ಕ, ತಪ್ಪು ತಿಳೀಬೇಡಿ. ಅಕ್ಷರ ಚೆನ್ನಾಗೇ ಇದೆ. ಆದ್ರೆ ಯಾಕೋ ಕೆಳಗೆ ಇಳೀತಾ ಇದೆ. ಈ ಕೊನೇ ಗೋಡೇಲಿ ಮೇಲೆಲ್ಲಾ ಖಾಲಿ, ಕೊಡೆ ನೆಲಕ್ಕೆ ಕೂತ್ಬಿಟ್ಟಿದೆ."

ಬೋರ್ಡಕ್ಕನಿಗೆ ಸಿಟ್ಟೇ ಬಂತು. ನಲವತ್ತು ವರ್ಷದಲ್ಲಿ ಅವಳ ಸಾಲಿಗೆ ಯಾರೂ ಬೆರಳು ತೋರಿಸಿರಲಿಲ್ಲ. ಅವನು ಹೋದದ್ದೇ ತಡ, ಯಜಮಾನರ ಅಳತೆಪಟ್ಟಿ ಕಸಿದುಕೊಂಡು ಹೊರಟಳು. ಅವರೂ ಹಿಂದೆಯೇ ಬಂದರು. ಸಂಜೆಯೊಳಗೆ ಇಬ್ಬರೂ ಹತ್ತೂ ಗೋಡೆ ಸುತ್ತಿ, ಸ್ಟೂಲು ಇಟ್ಟಿದ್ದ ಜಾಗದಿಂದಲೇ ಮೊದಲ ಸಾಲಿನ ನೆತ್ತಿಯವರೆಗೆ ಅಳೆದರು. ಅವಳು ಹೇಳಿದಳು, ಅವರು ಗಡಿಯಾರದ ರಸೀದಿಯ ಹಿಂದೆ ಬರೆದುಕೊಂಡರು. ಮೊದಲ ಐದು ಗೋಡೆ ಎಂಟಡಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆರನೆಯದು ಒಂದಂಗುಲ ಕಡಿಮೆ. ಏಳನೆಯದು ಏಳಡಿ ಒಂಬತ್ತಂಗುಲ. ಎಂಟನೆಯದು ಏಳೂವರೆ ಅಡಿ. ಒಂಬತ್ತನೆಯದು ಏಳೂಕಾಲು. ಹತ್ತನೆಯದು ಏಳಡಿಗೆ ಒಂದಂಗುಲ ಕಮ್ಮಿ.

ಹತ್ತನೆಯ ಗೋಡೆಯ ಮುಂದೆ ಅವಳು ರಸೀದಿ ಇಸಿದುಕೊಂಡು ಅಂಕಿಗಳನ್ನು ಮತ್ತೆ ಓದಿದಳು. ಸಿಟ್ಟು ಇಳಿದು, ಅದರ ಜಾಗದಲ್ಲಿ ಬೇರೆ ಏನೋ ಬಂದಿತ್ತು. "ಏನ್ರೀ," ಎಂದಳು, "ವಯಸ್ಸು ಇಷ್ಟು ಅವಸರವಾಗಿ ಬರುತ್ತಾ? ಐದು ವಾರದಲ್ಲಿ ಒಂದಡಿ?"

"ಬರಲ್ಲ" ಎಂದರು ಯಜಮಾನರು. ಅಂದು ಅವರಾಡಿದ ಮಾತು ಅದೊಂದೇ.

ಮುಂದಿನ ಬುಧವಾರ ಬೋರ್ಡಕ್ಕ ಒಂದು ಗಂಟೆ ಮೊದಲೇ ಹಜಾರಕ್ಕೆ ಬಂದಳು. ಕೈಚೀಲದಲ್ಲಿ ಸೀಸದಕಡ್ಡಿ, ಅಳತೆಪಟ್ಟಿ. ಒಬ್ಬೊಬ್ಬರಾಗಿ ಬಂದವರನ್ನೆಲ್ಲ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. "ಎರಡೂ ಕೈ ಮೇಲೆತ್ತಿ ನೋಡೋಣ. ಆಗೋಷ್ಟು. ಬಲವಂತ ಬೇಡ." ಬೆರಳ ತುದಿ ತಾಗಿದಲ್ಲಿ ಹಸಿರು ಗೋಡೆಯ ಮೇಲೆ ಒಂದು ಗೀಟು, ಪಕ್ಕದಲ್ಲಿ ಒಂದು ಅಂಕಿ. ಹನ್ನೆರಡರಲ್ಲಿ ಐದು ಜನರ ಕೈ ಕಿವಿಯ ಮಟ್ಟ ದಾಟಲಿಲ್ಲ. ಆ ಐವರಲ್ಲಿ ಒಬ್ಬಾಕೆ ಟೈಪಿಸ್ಟ್. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಲಾಗುತ್ತಿಲ್ಲ ಎಂದು ಅಂದೇ ಮೊದಲು ಬಾಯಿಬಿಟ್ಟಳು. ಇಷ್ಟು ದಿನ ಎಲ್ಲರೂ ತಮ್ಮೊಬ್ಬರಿಗೇ ವಯಸ್ಸಾಯಿತೆಂದುಕೊಂಡು ಸುಮ್ಮನಿದ್ದರು.

ಬಸ್ಸಿನಣ್ಣ ಎರಡೂ ಕೈ ಸೂರಿನ ಕಡೆ ಚಾಚಿ, ಪೊಲೀಸರಿಗೆ ಸಿಕ್ಕ ಕಳ್ಳನ ಹಾಗೆ ನಿಂತಿದ್ದಾಗ ಡಾಕ್ಟರಮ್ಮ ಒಳಗೆ ಬಂದರು.

"ಏನಿದು?"

"ಪರೀಕ್ಷೆ, ಡಾಕ್ಟ್ರೇ" ಎಂದಳು ಬೋರ್ಡಕ್ಕ. "ಸಿಸ್ಟರ್ ಕೇಳದೇ ಇರೋ ಪ್ರಶ್ನೆ."

ಡಾಕ್ಟರಮ್ಮ ಗೋಡೆಯ ಗೀಟುಗಳನ್ನು ನೋಡಿದರು, ರಸೀದಿಯ ಹಿಂದಿನ ಅಂಕಿ ನೋಡಿದರು. ಅವರ ಮುಖ ಗಂಭೀರವಾಯಿತು. ಬೋರ್ಡಕ್ಕನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು.

"ನೀವು ಮಾಡಿದ್ದರಲ್ಲಿ ಒಂದು ತೊಂದರೆ ಇದೆ. ಯಾರಿಗೆ ನಿಜವಾದ ಗುಳಿಗೆ ಅಂತ ಯಾರಿಗೂ ಗೊತ್ತಾಗಬಾರದು. ಈಗ ಹೊರಗಡೆ ಎಲ್ಲರೂ ಊಹೆ ಮಾಡ್ತಿದಾರೆ."

"ಗೊತ್ತಾಗಬಾರದು ಅಂತ ನಮ್ಮ ಭುಜಕ್ಕೆ ಹೇಳಿ, ಡಾಕ್ಟ್ರೇ. ನಾನು ಬರೀ ಅಳೆದೆ."

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಮಾತು ಸಲೀಸಾಯಿತು. "ನಿಮ್ಮ ಹತ್ರ ಮುಚ್ಚಿಟ್ಟು ಪ್ರಯೋಜನ ಇಲ್ಲ. ನಿಮ್ಮ ಅಳತೆ ಸರಿ ಅನ್ನಿಸುತ್ತೆ. ಯಾಕೆ ಹೀಗಾಗುತ್ತೆ ಅಂತ ಪೂರ್ತಿ ನಮಗೂ ಗೊತ್ತಿಲ್ಲ. ಆದ್ರೆ ಆವತ್ತು ನೀವೇ ಕೇಳಿದ್ರಲ್ಲ, ಮನೆಯೋರ ಕತ್ತರಿ ಅಂತ. ಕೀಲುಗಳ ಸುತ್ತ ಹಳೇ ನಾರು ಸವೆದು ಹೋಗ್ತಾ ಇರುತ್ತೆ, ಹೊಸದು ಬರ್ತಾ ಇರುತ್ತೆ. ಹಳೇದನ್ನ ಕತ್ತರಿಸಿ ತೆಗೆಯೋದು ಅದೇ ಜಾತಿ ಕತ್ತರಿ. ಗುಳಿಗೆ ಅದನ್ನೂ ಕಟ್ಟಿಹಾಕಿದ್ರೆ..."

"ಹಳೇ ಬಣ್ಣ ಕೆರೀದೇ ಮೇಲೆ ಮೇಲೆ ಬಳಿದ ಹಾಗೆ" ಎಂದಳು ಬೋರ್ಡಕ್ಕ. "ಬಾಗಿಲು ದಪ್ಪ ಆಗಿ ಚೌಕಟ್ಟಿಗೆ ಕಚ್ಕೊಳುತ್ತೆ."

"ಹೌದು" ಎಂದರು ಡಾಕ್ಟರಮ್ಮ. "ಹಾಗೇ ಇರಬಹುದು."

ಅಂದೇ ಅವರು ಹನ್ನೆರಡೂ ಜನರ ಅಳತೆ, ಹತ್ತು ಗೋಡೆಯ ಲೆಕ್ಕ ಎಲ್ಲವನ್ನೂ ಪ್ರಯೋಗದ ಮೇಲ್ವಿಚಾರಣೆ ಮಾಡುವ ಸಮಿತಿಗೆ ಕಳಿಸಿದರು. ಯಾರಿಗೆ ಯಾವ ಗುಳಿಗೆ ಎಂಬ ಗುಟ್ಟು ಆ ಸಮಿತಿಯ ಬೀಗದೊಳಗಿತ್ತು. ಸಿಸ್ಟರ್ ಫಾರಮಿಗೆ ಒಂದು ಹೊಸ ಪುಟ ಸೇರಿಸಿದಳು. ಅಂದಿನಿಂದ ಅವಳ ಮೊದಲ ಪ್ರಶ್ನೆಯೇ "ಕೈ ಎಷ್ಟು ಎತ್ತಕ್ಕಾಗುತ್ತೆ?"

ಹಜಾರದಲ್ಲಿ ಮಾತ್ರ ವಿಚಿತ್ರವಾದ ಹವೆ. ಕೈ ಎತ್ತಲಾಗದ ಐವರು ಒಳಗೊಳಗೇ ಹಿಗ್ಗಿದರು. ನೋವಿದೆ ಎಂದರೆ ಮದ್ದಿದೆ. ಸಲೀಸಾಗಿ ಕೈ ಎತ್ತಿದವರ ಮುಖ ಸಪ್ಪಗಾಯಿತು. ಬಸ್ಸಿನಣ್ಣ ತನ್ನ ಗುಳಿಗೆಯ ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. "ಹಿಟ್ಟು. ಕೇಳಿಸ್ತಾ ಇದೆ ನೋಡಕ್ಕ, ಬರೀ ಹಿಟ್ಟು. ನಿನ್ನ ಭುಜ ನನಗೆ ಕೊಡು ಮಾರಾಯ್ತಿ."

"ತಗೋ, ಎರಡೂ ತಗೋ. ಜೊತೆಗೆ ಬಾಕಿ ಎರಡು ಗೋಡೆಯ ಕೆಲಸಾನೂ ತಗೋ."

ಮೂರು ವಾರಕ್ಕೆ ಸಮಿತಿಯ ಉತ್ತರ ಬಂತು. ಕೀಲು ಹಿಡಿದವರು ಬಯಸಿದರೆ ಮೂರು ವಾರ ಗುಳಿಗೆ ನಿಲ್ಲಿಸಬಹುದು. ಕೈ ಸಡಿಲವಾದರೆ ಮತ್ತೆ ಅರ್ಧ ಪ್ರಮಾಣದಲ್ಲಿ ಶುರು ಮಾಡಬಹುದು. ನಿಲ್ಲಿಸುವುದೂ ಮುಂದುವರಿಸುವುದೂ ಅವರವರ ಇಷ್ಟ.

ಮನೆಯಲ್ಲಿ ಇದನ್ನು ಹೇಳಿದಾಗ ಯಜಮಾನರು ಅವಳ ತಲೆ ಬಾಚುತ್ತಿದ್ದರು. ಬಾಚಣಿಗೆ ನಿಂತಿತು.

"ನಿಲ್ಲಿಸ್ಬೇಡ" ಎಂದರು. "ಕೈ ಹೋದ್ರೆ ಹೋಗ್ಲಿ. ತಲೆ ಬಾಚಕ್ಕೆ ನಾನಿದೀನಿ, ಅನ್ನ ಕಲಸಿ ಕೊಡಕ್ಕೂ ಇದೀನಿ. ಆ ಮೂರು ವಾರದಲ್ಲಿ ಕಳ್ಳ ಕತ್ತರಿ ಎತ್ಕೊಂಡ್ರೆ?" ಅವರ ದನಿ ಅಲುಗಿತು. ಆಪರೇಷನ್ ದಿನವೂ ಹಾಗೆ ಅಲುಗಿರಲಿಲ್ಲ.

ಬೋರ್ಡಕ್ಕ ತಿರುಗಿ ಕೂತಳು. ಅವಳಿಗೂ ಭಯವಿರಲಿಲ್ಲವೆಂದಲ್ಲ. ಮೂರು ರಾತ್ರಿ ಅದನ್ನೇ ಮಗುಚಿ ಹಾಕಿದ್ದಳು. "ನೋಡ್ರೀ, ಈ ಗುಳಿಗೆ ಕಳ್ಳನ್ನ ಹಿಡಿಯುತ್ತೆ ಅಂತ ಡಾಕ್ಟ್ರೂ ಹೇಳ್ತಿಲ್ಲ. ಹಿಡಿಯುತ್ತಾ ಅಂತ ನೋಡ್ತಿದಾರೆ ಅಷ್ಟೆ. ನನ್ನ ಕೈ ಕಟ್ಟುತ್ತೆ ಅನ್ನೋದು ಮಾತ್ರ ಗ್ಯಾರಂಟಿ, ನಾವಿಬ್ಬರೇ ಅಳೆದಿದೀವಿ. ಮೂರು ವಾರ ಬಿಟ್ಟು ನೋಡ್ತೀನಿ. ಕೈ ಬಂದ್ರೆ ಅರ್ಧ ಗುಳಿಗೆ ತಗೋತೀನಿ. ಬದುಕಿರೋವಷ್ಟು ದಿನ ಕೂತು ಉಣ್ಣೋದು ನನ್ನಿಂದಾಗಲ್ಲ."

ಯಜಮಾನರು ಅವಳನ್ನು ಮೆಲ್ಲಗೆ ಮತ್ತೆ ಅತ್ತ ತಿರುಗಿಸಿ ಕೂರಿಸಿದರು. ಬಾಚಣಿಗೆ ಮತ್ತೆ ಚಲಿಸಿತು. ಮನೆಯೊಳಗೆ ಅದೇ ಒಪ್ಪಿಗೆ.

ಮೊದಲ ವಾರ ಏನೂ ಆಗಲಿಲ್ಲ. ಬೆಳಿಗ್ಗೆ ಎದ್ದರೆ ಅದೇ ಬಿಗಿ, ಅದೇ ನೋವು. ಯಜಮಾನರು ಆ ವಾರ ಎರಡು ಗಡಿಯಾರಗಳನ್ನು ತಪ್ಪಾಗಿ ಜೋಡಿಸಿದರು. ಎರಡನೇ ವಾರದ ಕೊನೆಗೆ ಬೆರಳುಗಳು ತಾವಾಗಿ ಮಡಚಿದವು. ಮೂರನೇ ವಾರ ಒಂದು ಬೆಳಿಗ್ಗೆ ಬೋರ್ಡಕ್ಕ ಹಿತ್ತಿಲಲ್ಲಿ ಒಗೆದ ಬಟ್ಟೆಯನ್ನು ತಂತಿಗೆ ಎಸೆದಳು. ಎಸೆದ ಮೇಲೆ ತಾನೇ ತಬ್ಬಿಬ್ಬಾದಳು. ತಂತಿ ಅವಳ ತಲೆಗಿಂತ ಒಂದು ಗೇಣು ಮೇಲಿತ್ತು.

ಆ ಬುಧವಾರ ಹಜಾರದಲ್ಲಿ ಅವಳ ಹೊಸ ಗೀಟು ಹಳೆಯದಕ್ಕಿಂತ ಒಂಬತ್ತು ಅಂಗುಲ ಮೇಲೆ ಬಿತ್ತು. ಸಿಸ್ಟರ್ ಸ್ಟೂಲು ಹತ್ತಿ ಬರೆಯಬೇಕಾಯಿತು. "ಅಕ್ಕ, ನಾನು ಅವತ್ತು ವಯಸ್ಸು ಅಂತ ಬರೆದುಬಿಟ್ಟೆ" ಎಂದಳು ತಗ್ಗಿದ ದನಿಯಲ್ಲಿ.

"ವಯಸ್ಸೇನೂ ಕಮ್ಮಿ ಆಗಿಲ್ಲ ಬಿಡಮ್ಮ" ಎಂದಳು ಬೋರ್ಡಕ್ಕ. "ಗುಳಿಗೆ ಕಮ್ಮಿ ಆಯ್ತು."

ಟೈಪಿಸ್ಟ್ ಗುಳಿಗೆ ನಿಲ್ಲಿಸಲಿಲ್ಲ. ಪೂರ್ತಿ ಪ್ರಮಾಣವನ್ನೇ ನುಂಗುತ್ತ ಹೋದಳು. ಅದು ಅವಳ ಲೆಕ್ಕಾಚಾರ. ಬೋರ್ಡಕ್ಕ ಅದಕ್ಕೆ ಬಾಯಿ ಹಾಕಲಿಲ್ಲ. ತಾನು ಅರ್ಧ ಗುಳಿಗೆ ಶುರು ಮಾಡಿದಳು. ಭುಜ ಒಮ್ಮೊಮ್ಮೆ ಗೊಣಗುತ್ತಿತ್ತು, ಆದರೆ ಮುಷ್ಕರ ಹೂಡಲಿಲ್ಲ. ಉಳಿದ ಎರಡು ಗೋಡೆ ಮುಗಿಸಿದಳು. ಆರರಿಂದ ಹತ್ತರವರೆಗಿನ ಐದು ಗೋಡೆಗಳಿಗೆ ಸುಣ್ಣ ಬಳಿದು, ಕಂಪನಿಯವನು ಬೇಡ ಬೇಡವೆಂದರೂ ಕೇಳದೆ, ಎಂಟಡಿಯಿಂದ ಮತ್ತೆ ಬರೆದಳು.

ಎರಡು ವರ್ಷದ ಮೇಲೆ ಪ್ರಯೋಗ ಮುಗಿದು ಫಲಿತಾಂಶ ಹೇಳಲು ಆಸ್ಪತ್ರೆಯವರು ಎಲ್ಲರನ್ನೂ ಕರೆದರು. ಬುಧವಾರದ ಹನ್ನೆರಡು ಜನರಲ್ಲಿ ಸಭೆಗೆ ಬಂದವರು ಏಳು. ಟೈಪಿಸ್ಟ್ ಇರಲಿಲ್ಲ, ಹಿಂದಿನ ವರ್ಷ ತೀರಿಕೊಂಡಿದ್ದಳು. ಬೋರ್ಡಕ್ಕ ಪಕ್ಕದ ಒಂದು ಕುರ್ಚಿಯ ಮೇಲೆ ತನ್ನ ಕೈಚೀಲ ಇಟ್ಟು ಯಾರನ್ನೂ ಕೂರಗೊಡಲಿಲ್ಲ.

ಡಾಕ್ಟರಮ್ಮ ಸುತ್ತಿಬಳಸಲಿಲ್ಲ. ಈ ಪ್ರಯೋಗ ನಡೆದಿದ್ದ ಎಲ್ಲ ಊರುಗಳ ಲೆಕ್ಕ ಕೂಡಿಸಿದಾಗ, ಗುಳಿಗೆ ನುಂಗಿದವರು ನುಂಗದವರಿಗಿಂತ ಹೆಚ್ಚು ಕಾಲ ಬದುಕಿದರೆಂದು ಹೇಳುವಂತಿಲ್ಲ. ಗುಳಿಗೆ ಕತ್ತರಿಗಳನ್ನು ಕಟ್ಟುವುದು ನಿಜ, ಆದರೆ ಕಳ್ಳನದು ಯಾವುದು ಮನೆಯವರದು ಯಾವುದು ಎಂದು ನೋಡದೆ ಸಿಕ್ಕಿದ್ದನ್ನೆಲ್ಲ ಕಟ್ಟುತ್ತದೆ. ಮುಂದೆ ಇಂಥ ಔಷಧಿ ಮಾಡುವವರು ಮೊದಲು ಅದನ್ನು ಸರಿಪಡಿಸಬೇಕು. ಕೀಲು ಹಿಡಿಯುವುದು ಯಾವಾಗ ಶುರುವಾಗುತ್ತದೆ, ನಿಲ್ಲಿಸಿದರೆ ಎಷ್ಟು ದಿನಕ್ಕೆ ಬಿಡುತ್ತದೆ ಎಂಬುದು ಮಾತ್ರ ಸ್ಪಷ್ಟವಾಗಿ ತಿಳಿದಿದೆ. ಆಮೇಲೆ ಅವರು ವರದಿಯ ಒಂದು ಸಾಲು ಓದಿದರು. "ಈ ತೊಂದರೆಯ ಮೊದಲ ಅಳತೆಗಳನ್ನು ಒದಗಿಸಿದವರು ಒಬ್ಬ ರೋಗಿ."

ಬೋರ್ಡಕ್ಕ ಎದ್ದು ನಿಂತಳು. "ಡಾಕ್ಟ್ರೇ, ಅದೊಂದು ತಿದ್ದಿ. ರೋಗಿ ಅಲ್ಲ, ಬೋರ್ಡು ಬರೆಯೋಳು."

ಸಭೆ ನಕ್ಕಿತು. ಡಾಕ್ಟರಮ್ಮ ನಗುತ್ತಲೇ ಪೆನ್ನು ತೆಗೆದು, ಎಲ್ಲರ ಮುಂದೆ, ಆ ಪದ ಹೊಡೆದುಹಾಕಿ ಹೊಸದು ಬರೆದರು. ಮೇಲೆ ಬರೆದ ಅಕ್ಷರ ಸೊಟ್ಟಗಾಗಿತ್ತು. ಬೋರ್ಡಕ್ಕ ಅದನ್ನು ನೋಡಿಯೂ ಸುಮ್ಮನಿದ್ದಳು.

ಹೊರಡುವಾಗ ಪ್ರತಿಯೊಬ್ಬರಿಗೂ ಒಂದು ಲಕೋಟೆ ಕೊಟ್ಟರು. ಒಳಗೆ ಅವರವರ ಗುಳಿಗೆ ಯಾವುದೆಂಬ ಗುಟ್ಟು. ಬಸ್ ಸ್ಟಾಪಿನಲ್ಲಿ ನಿಂತು ಬಸ್ಸಿನಣ್ಣ ತನ್ನದನ್ನು ಹರಿದು ಓದಿದ. ಮುಖದಲ್ಲಿ ಏನೇನೋ ಬಂದು ಹೋಯಿತು.

"ಹಿಟ್ಟು" ಎಂದ. "ಎರಡು ವರ್ಷ, ತಪ್ಪದೆ, ದಿನಾ ಎರಡು ಹೊತ್ತು ಹಿಟ್ಟು ನುಂಗಿದೀನಿ ಅಕ್ಕ."

"ನಾನು ಎರಡು ವರ್ಷ ನಿಜವಾದದ್ದೇ ನುಂಗಿದೆ" ಎಂದಳು ಬೋರ್ಡಕ್ಕ. ಅವಳ ಲಕೋಟೆ ಇನ್ನೂ ಅಂಟಿಕೊಂಡೇ ಇತ್ತು. ತೆರೆಯುವ ಅಗತ್ಯವೇ ಇರಲಿಲ್ಲ. "ಆದ್ರೂ ನೋಡು, ಇಬ್ಬರೂ ಒಂದೇ ಸ್ಟಾಪಲ್ಲಿ ನಿಂತಿದೀವಿ."

"ಅಂದ್ರೆ ಇಬ್ಬರೂ ಸುಮ್ಮನೆ ಮೈ ಕೊಟ್ವಾ?"

"ಸುಮ್ಮನೆ ಯಾಕೆ? ನೀನು ಹಿಟ್ಟು ನುಂಗಿ ಕೈ ಎತ್ತಿ ನಿಂತಿದ್ದಕ್ಕೇ ನನ್ನ ಕೈ ಯಾಕೆ ಏಳ್ತಿಲ್ಲ ಅಂತ ಗೊತ್ತಾಗಿದ್ದು. ಮುಂದೆ ಬರೋ ಗುಳಿಗೆಯೋರು ಮೊದಲು ಭುಜ ನೋಡ್ತಾರೆ. ಅಷ್ಟು ಕೆಲಸ ಮಾಡಿದೀವಿ ನಾವು ಹನ್ನೆರಡು ಜನ."

ಬಸ್ಸಿನಣ್ಣ ಲಕೋಟೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ಬಸ್ಸು ತಿರುವಿನಲ್ಲಿ ಕಾಣಿಸಿತು. ಅವನ ಬಲಗಾಲು ತಾನಾಗಿ ನೆಲ ಒತ್ತಿತು, "ಈ ಬಡ್ಡಿಮಗ ಎರಡನೇ ಗೇರಲ್ಲೇ ಎಳೀತಿದಾನೆ" ಎಂದು ಬೈದ. ಬಸ್ಸು ಬಂದು ನಿಂತಿತು. ಬೋರ್ಡಕ್ಕ ಮೇಲಿನ ಕಂಬಿ ಹಿಡಿದು ಹತ್ತಿ, ಖಾಲಿ ಸೀಟಿದ್ದರೂ ಕೂರದೆ, ಕಂಬಿ ಹಿಡಿದೇ ನಿಂತು ಹಿಂದೆಯೇ ಹತ್ತಿದ ಬಸ್ಸಿನಣ್ಣನಿಗೆ ನಾಳೆಯ ಕೆಲಸದ ವಿವರ ಹೇಳತೊಡಗಿದಳು. ನೀರಿನ ಟ್ಯಾಂಕಿನ ಮೇಲೆ ನಾಲ್ಕಡಿ ಎತ್ತರದ ಅಕ್ಷರ. ನೀಲಿ ಬಣ್ಣ ಎಷ್ಟು ಡಬ್ಬಿ ಬೇಕಾಗಬಹುದೆಂದು ಇನ್ನೂ ತೀರ್ಮಾನವಾಗಿರಲಿಲ್ಲ.